ಚಿಕ್ಕಮ್ಮನ ಬಲಗಣ್ಣಿನ ಮಳೆಗಾಲ

ಕಳೆದ ತಿಂಗಳು ಆಲ್ದೂರಿನಲ್ಲಿ ಬಸ್ಸು ಕೆಟ್ಟು ನಿಂತಿತು. ಇನ್ನೊಂದು ಬಸ್ಸು ಬರುವವರೆಗೆ ಪೇಟೆ ಬೀದಿಯಲ್ಲಿ ಸುಮ್ಮನೆ ನಡೆಯುತ್ತಿದ್ದಾಗ ಅರ್ಧ ತೆರೆದ ಮಳಿಗೆಯೊಂದರಿಂದ ಆ ವಾಸನೆ ಬಂತು. ಗೋಣಿಚೀಲ, ಹಸಿ ಕಾಫಿ ಬೀಜ, ಮಳೆಗಾಲದ ಥಂಡಿ, ಮೂರೂ ಸೇರಿದ್ದು. ಹುರಿದ ಕಾಫಿಯ ಪರಿಮಳವನ್ನು ಹೊಗಳುವವರು ಬೇಕಾದಷ್ಟು ಜನ ಇದ್ದಾರೆ. ಹಸಿ ಬೀಜದ ವಾಸನೆಯನ್ನು ಹೊಗಳಿದವರನ್ನು ನಾನು ಕಂಡಿಲ್ಲ. ಒದ್ದೆ ಹುಲ್ಲನ್ನು ಹಳೆಯ ಮರದ ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಹಾಗೆ ನಾರುತ್ತದೆ. ವಾಸನೆ ಬಂದ ಕೂಡಲೇ ನೆನಪು ಉಕ್ಕಿ ಬರುತ್ತದೆ ಎನ್ನುವ ಮಾತನ್ನು ನಾನು ನಂಬುವವಳಲ್ಲ. ನೆನಪು ಒಂದು ಸಾಕ್ಷಿ ಅಷ್ಟೆ, ಅದೂ ತನಗೆ ಬೇಕಾದ ಕಡೆಗೆ ವಾಲುವ ಸಾಕ್ಷಿ. ಆದರೂ ಆ ಮಳಿಗೆಯ ಮುಂದೆ ನನ್ನ ಕಾಲು ನಿಂತದ್ದು ನಿಜ. ಆದ್ದರಿಂದ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಇಲ್ಲಿ ನನ್ನ ವಿರುದ್ಧ ಹೋಗುವ ಭಾಗಗಳನ್ನು ಹೆಚ್ಚು ನಂಬಿ. ಅವನ್ನು ಮರೆಯುವುದಕ್ಕೆ ನನಗೆ ಎಲ್ಲ ಕಾರಣಗಳೂ ಇದ್ದವು.

ಏಳೆಂಟು ವರ್ಷದ ಹಿಂದಿನ ಮಳೆಗಾಲ ಅದು. ನಾನು ಚಿಕ್ಕಮಗಳೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ನಮ್ಮ ಮನೆ ಸಂಸೆಯಲ್ಲಿ, ದಿನವೂ ಓಡಾಡಲಾಗದ ದೂರ. ಅದಕ್ಕೆ ಆಲ್ದೂರಿನಲ್ಲಿ ಅಮ್ಮನ ತಂಗಿ ಸರೋಜ ಚಿಕ್ಕಮ್ಮನ ಮನೆಯಲ್ಲಿ ಇದ್ದುಕೊಂಡು ಬಸ್ಸಿನಲ್ಲಿ ಕಾಲೇಜಿಗೆ ಹೋಗಿ ಬರುತ್ತಿದ್ದೆ. ಚಿಕ್ಕಪ್ಪನದು ಕಾಫಿ ಕೊಳ್ಳುವ ಮಳಿಗೆ. ಮನೆ ಅದರ ಹಿಂದೆಯೇ. ಸಣ್ಣ ಬೆಳೆಗಾರರು ಒಣಗಿಸಿದ ಕಾಫಿ ತಂದರೆ ಅದರಲ್ಲಿ ಒಂದು ಹಿಡಿ ತೆಗೆದು, ಸಿಪ್ಪೆ ಬಿಡಿಸಿ, ಮರದ ತಟ್ಟೆಗೆ ಸುರಿದು ಚಿಕ್ಕಮ್ಮನ ಮುಂದೆ ಇಡುತ್ತಿದ್ದರು. ಅವಳು ಕಿಟಕಿಯ ಬೆಳಕಿಗೆ ತಟ್ಟೆ ಹಿಡಿದು ಬೆರಳಿನಿಂದ ಬೀಜಗಳನ್ನು ಸರಿಸುತ್ತಾ ಹೋಗುತ್ತಿದ್ದಳು. ಇದು ಹುಳು ಕೊರೆದದ್ದು, ಇದು ಕಣದಲ್ಲಿ ಮಳೆಗೆ ಸಿಕ್ಕಿದ್ದು, ಇದು ಹೋದ ವರ್ಷದ್ದು, ಕದ್ದು ಬೆರೆಸಿದ್ದು. "ಸರೋಜಮ್ಮ ಎಂತ ಹೇಳ್ತಾರೆ?" ಎಂದು ಕೇಳುವುದು, ಅವಳು ಹೇಳಿದ ಮೇಲೆ ಸುಮ್ಮನಾಗುವುದು ಅಲ್ಲಿಯ ಪದ್ಧತಿ. ಮಾರುವವನೂ ಚಿಕ್ಕಪ್ಪನೂ ಜಗಳವಾಡದೆ ಒಪ್ಪಿಕೊಳ್ಳುತ್ತಿದ್ದ ಒಂದೇ ಸಂಗತಿ ಅವಳ ಕಣ್ಣು.

ಅದಕ್ಕೆ ಮೂರು ವರ್ಷ ಮೊದಲು ಅವಳ ಎರಡೂ ಕಿಡ್ನಿ ಸೋತಿದ್ದವು. ಅಮ್ಮ ತನ್ನದೊಂದನ್ನು ಕೊಟ್ಟಿದ್ದಳು. ಅಂದಿನಿಂದ ಬೆಳಿಗ್ಗೆ ಎಂಟಕ್ಕೆ, ಸಂಜೆ ಎಂಟಕ್ಕೆ ಮಾತ್ರೆ. ಮೂರು ಬಗೆಯ ಮಾತ್ರೆ. ಅದರಲ್ಲೊಂದು ದಪ್ಪ ಕ್ಯಾಪ್ಸೂಲು, ಹಾಳೆಯಿಂದ ಬಿಡಿಸಿದ ಕೂಡಲೇ ಕೋಣೆಯೆಲ್ಲ ಘಾಟು ಹೊಡೆಯುವಂಥದ್ದು. "ಅಕ್ಕ ನನ್ನ ಹೊಟ್ಟೇಲಿ ಕೂತಿದಾಳಲ್ಲ, ಅವಳಿಗೆ ಎರಡು ಹೊತ್ತು ನೈವೇದ್ಯ" ಎಂದು ಚಿಕ್ಕಮ್ಮ ನಗುತ್ತಿದ್ದಳು. ಚಿಕ್ಕಪ್ಪ ಪ್ರತಿ ಸಲವೂ ಸ್ಟ್ರಿಪ್ಪನ್ನು ಎತ್ತಿ ಬೆಳಕಿಗೆ ಹಿಡಿದು, ಗುಳಿ ಖಾಲಿಯಾಗಿದೆಯೇ ನೋಡಿ, "ಆಯ್ತಲ್ಲ?" ಎನ್ನುತ್ತಿದ್ದರು.

ನಾನೋ, ಚರ್ಚಾಸ್ಪರ್ಧೆಯ ಹುಡುಗಿ. ಪರ ಮಾತಾಡು ಎಂದರೆ ಪರ, ವಿರೋಧ ಎಂದರೆ ವಿರೋಧ. ಐದು ನಿಮಿಷ ಕೊಟ್ಟರೆ ಎರಡೂ ಕಡೆ ಗೆಲ್ಲುತ್ತಿದ್ದೆ. ಚಿಕ್ಕಪ್ಪ ನನ್ನನ್ನು ಲಾಯರಮ್ಮ ಎಂದೇ ಕರೆಯುತ್ತಿದ್ದರು. ದೇವರು, ಜಾತಕ, ನೋಟ, ಮಾಟ, ಯಾವುದನ್ನೂ ಆ ಮನೆಯಲ್ಲಿ ನಾನು ಜೀವಸಹಿತ ಬಿಟ್ಟಿರಲಿಲ್ಲ.

ಪುನರ್ವಸು ಮಳೆ ಹಿಡಿದಿತ್ತು. ಒಂದು ಬೆಳಿಗ್ಗೆ ಚಿಕ್ಕಮ್ಮ ವಿಭೂತಿ ಇಟ್ಟುಕೊಳ್ಳಲು ಹೋಗಿ ಕೈ ಹಿಂದೆಗೆದಳು. "ಹಣೆ ಉರೀತಿದೆ ಕಣೆ. ಯಾರೋ ಸೂಜಿ ಕಾಯಿಸಿ ಒಳಗಿಂದ ಚುಚ್ಚಿದ ಹಾಗೆ." ಎರಡು ದಿನ ಬರೀ ಉರಿ. ಮೂರನೆಯ ದಿನ ಗುಳ್ಳೆ ಎದ್ದವು: ಕೂದಲಂಚಿನಿಂದ ಹುಬ್ಬಿನವರೆಗೆ, ಅಲ್ಲಿಂದ ರೆಪ್ಪೆಯ ಮೇಲೆ. ಬಲಗಡೆ ಮಾತ್ರ. ಹಣೆಯ ನಟ್ಟನಡುವೆ ಸ್ಕೇಲು ಹಿಡಿದು ಗೆರೆ ಎಳೆದ ಹಾಗೆ ನಿಂತಿದ್ದವು. ಅವತ್ತು ಅವಳು ಎಡಗಡೆ ಅರ್ಧ ಹಣೆಗೆ ಮಾತ್ರ ವಿಭೂತಿ ಇಟ್ಟುಕೊಂಡಿದ್ದಳು.

"ಸರ್ಪಸುತ್ತು" ಎಂದರು ಚಿಕ್ಕಪ್ಪ. "ಗಂಗಜ್ಜಿ ಹತ್ರ ಹೋಗಿ ಕಾವಿ ಹಚ್ಚಿಸ್ಕೊಂಡು ಬರಣ. ಹಾವಿನ ತಲೆ ಬಾಲ ಕೂಡೋದ್ರೊಳಗೆ."

ಸರ್ಪಸುತ್ತಿಗೆ ಕೆಂಪು ಕಾವಿ ಅರೆದು, ಮಂತ್ರ ಹೇಳಿ, ಗುಳ್ಳೆಗಳ ಸುತ್ತ ಹಚ್ಚುವುದು ನಮ್ಮ ಕಡೆ ಎಲ್ಲರೂ ಮಾಡುವುದೇ. ಬಾಳೆಹೊನ್ನೂರು ರಸ್ತೆಯಲ್ಲಿದ್ದ ಗಂಗಜ್ಜಿ ಅದಕ್ಕೆ ಹೆಸರಾದವಳು.

"ತಲೆ ಬಾಲ ಕೂಡಲ್ಲ ಚಿಕ್ಕಪ್ಪ" ಎಂದೆ. "ಇದು ವೈರಸ್ಸು. ಚಿಕ್ಕವಳಿದ್ದಾಗ ಬಂದ ಸೀತಾಳೆ ಸಿಡುಬು ನರದ ಬುಡದಲ್ಲಿ ಅಡಗಿ ಕೂತಿತ್ತು, ಈಗ ಎದ್ದಿದೆ. ಆ ನರ ಮುಖದ ಒಂದು ಬದಿಗೆ ಮಾತ್ರ ಇರೋದು. ಗಡಿ ದಾಟಕ್ಕೆ ಅದಕ್ಕೆ ರಸ್ತೆನೇ ಇಲ್ಲ."

"ನಿನ್ನ ಹಾವಿಗೆ ರಸ್ತೆ ಬೇಕು, ನಮ್ಮ ಹಾವಿಗೆ ಬೇಡ ಮಾರಾಯ್ತಿ."

"ಕಣ್ಣಿನ ಪಕ್ಕ ಬಂದಿದೆ. ಡಾಕ್ಟ್ರಿಗೆ ತೋರಿಸ್ಬೇಕು."

"ತೋರಿಸಣ. ಮೊದಲು ಅಜ್ಜಿ."

ನಾನು ತತ್ವಕ್ಕಾಗಿ ಜೊತೆಗೆ ಹೋಗಲಿಲ್ಲ. ಸೋಮವಾರ ಬೆಳಿಗ್ಗೆ ಇಬ್ಬರೂ ಹೋದರು. ಒಂದು ಗಂಟೆಯೊಳಗೆ ವಾಪಸ್ಸು ಬಂದರು. ಮುಖದ ಮೇಲೆ ಕಾವಿಯ ಗುರುತೇ ಇರಲಿಲ್ಲ. "ಬಟ್ಟೆ ಹಾಕ್ಕೋ, ಕಣ್ಣಿನ ಡಾಕ್ಟ್ರ ಹತ್ರ ಹೋಗಣ" ಎಂದರು ಚಿಕ್ಕಪ್ಪ. ದಾರಿಯಲ್ಲಿ ಮನಸ್ಸು ಬದಲಾಯಿಸಿದ್ದಾರೆ, ನನ್ನ ವಾದ ನಾಟಿದೆ ಎಂದುಕೊಂಡೆ. ಕೇಳಲು ಹೋಗಲಿಲ್ಲ. ಗೆದ್ದವರು ಕಾರಣ ಕೇಳುವುದಿಲ್ಲ.

ಚಿಕ್ಕಮಗಳೂರಿನ ಕಣ್ಣಿನ ಡಾಕ್ಟರು ಮಧ್ಯವಯಸ್ಸಿನ ಹೆಂಗಸು, ಮಾತು ಕಡಿಮೆ. ಚಿಕ್ಕಮ್ಮ ಕೂತ ಕೂಡಲೇ ಅವರು ನೋಡಿದ್ದು ಕಣ್ಣನ್ನಲ್ಲ, ಮೂಗನ್ನು. ಬಲಗಡೆ ತುದಿಯಲ್ಲಿ ಎರಡು ಸಣ್ಣ ಗುಳ್ಳೆ ಇದ್ದವು. ನಾನು ಗಮನಿಸಿಯೇ ಇರಲಿಲ್ಲ. "ಇಲ್ಲಿ ಬಂದ್ರೆ ಕಣ್ಣಿನೊಳಗೂ ಬಂದಿರೋದೇ ಹೆಚ್ಚು. ಎರಡು ಕಡೆಗೂ ಹೋಗೋದು ಒಂದೇ ನರ" ಎಂದರು. ಊದಿದ ರೆಪ್ಪೆಯನ್ನು ಮೆಲ್ಲಗೆ ಬಿಡಿಸಿ, ಹಳದಿ ಬಣ್ಣದ ಕಾಗದದ ಪಟ್ಟಿಯನ್ನು ಕಣ್ಣಂಚಿಗೆ ತಾಗಿಸಿ, ನೀಲಿ ಬೆಳಕು ಬಿಟ್ಟು, ಗಲ್ಲ ಊರಿ ನೋಡುವ ಯಂತ್ರದಲ್ಲಿ ಬಹಳ ಹೊತ್ತು ನೋಡಿದರು. ಕರಿಗುಡ್ಡೆಯ ಮೇಲಿನ ಪಾರದರ್ಶಕ ಪರದೆಯಲ್ಲಿ ಕವಲೊಡೆದ ಗಾಯ ಇತ್ತು. ಒಳಗೆ ಉರಿಯೂತ ಶುರುವಾಗಿತ್ತು.

"ಬೇರೆ ಏನಾದ್ರೂ ಮಾತ್ರೆ ತಗೋತಿದೀರಾ?"

ಚಿಕ್ಕಪ್ಪ ಜೇಬಿನಿಂದ ಚೀಟಿ ತೆಗೆದು ಕೊಟ್ಟರು. ಓದಿದ ಡಾಕ್ಟರು ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟರು.

"ಕಿಡ್ನಿ ಹಾಕಿಸ್ಕೊಂಡಿರೋರು ಅಂತ ಬಾಗಿಲಲ್ಲೇ ಹೇಳ್ಬೇಕಿತ್ತಮ್ಮ." ಆಮೇಲೆ ನನ್ನ ಕಡೆ ತಿರುಗಿ ವಿವರಿಸಿದರು. ಇನ್ನೊಬ್ಬರ ಕಿಡ್ನಿಯನ್ನು ದೇಹ ಹೊರದಬ್ಬದಿರಲಿ ಎಂದು ಈ ಮಾತ್ರೆಗಳು ಮೈಯ ಪ್ರತಿರೋಧವನ್ನು ತಗ್ಗಿಸಿ ಇಡುತ್ತವೆ. ಹಾಗೆ ತಗ್ಗಿದ ಮೈಯಲ್ಲಿ ಈ ವೈರಸ್ಸಿಗೆ ಹಿಡಿತವೇ ಇರುವುದಿಲ್ಲ; ಹೊರಗಿನಿಂದ ಕಣ್ಣಿನ ಹಿಂದಿನ ಪದರಕ್ಕೂ ಹೋಗಬಹುದು, ಮೈಯೆಲ್ಲ ಹರಡಲೂಬಹುದು. ಮಾತ್ರೆ ಸಾಲದು, ಔಷಧಿಯನ್ನು ರಕ್ತಕ್ಕೇ ಡ್ರಿಪ್ಪಿನಲ್ಲಿ ಕೊಡಬೇಕು. ಆ ಔಷಧಿ ಹೊರಗೆ ಹೋಗುವುದು ಕಿಡ್ನಿಯ ಮೂಲಕವೇ. ಆದ್ದರಿಂದ ಕಿಡ್ನಿ ಡಾಕ್ಟರ ಕಣ್ಣೆದುರಿಗೇ ಕೊಡಬೇಕು. ಅವರು ಮಂಗಳೂರಿನ ಕಿಡ್ನಿ ಡಾಕ್ಟರಿಗೆ ಫೋನು ಮಾಡಿದರು. ಅಲ್ಲಿಗೆ ಹೋಗುವವರೆಗೆ ನುಂಗಲು ಮಾತ್ರೆ, ಕಣ್ಣಿಗೆ ಮುಲಾಮು ಬರೆದುಕೊಟ್ಟರು. "ಮೆಡಿಕಲ್ ಶಾಪಿನಿಂದ ಬೇರೆ ಯಾವ ಹನಿನೂ ತಂದು ಹಾಕಬೇಡಿ. ಕಿಡ್ನಿ ಮಾತ್ರೆಗೆ ನಾನೂ ಕೈ ಹಾಕಲ್ಲ, ನೀವೂ ಹಾಕಬೇಡಿ. ಅವರು ನೋಡಿ ಹೇಳಲಿ."

ಮರುದಿನವೇ ಹೊರಡಬೇಕಿತ್ತು. ಸಂಜೆ ಆಲ್ದೂರಿನ ಬಸ್‌ಸ್ಟ್ಯಾಂಡಿನಲ್ಲಿ ಸುದ್ದಿ: ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಜರಿದಿದೆ, ಕೊಟ್ಟಿಗೆಹಾರದಿಂದಲೇ ಗಾಡಿ ವಾಪಸ್ಸು. ನಾಳೆ ತೆಗೆಯಬಹುದು, ನಾಡಿದ್ದು ಆಗಬಹುದು.

ಆ ಸಂಜೆಯದ್ದೇ ನಾನು ಬರೆಯಬೇಕಾದ ಮುಖ್ಯ ಸಂಗತಿ. ಒಲೆಯ ಮುಂದೆ ಮೂವರೂ ಕೂತಿದ್ದೆವು. ಚಿಕ್ಕಮ್ಮ ಒದ್ದೆ ಬಟ್ಟೆಯನ್ನು ಕಣ್ಣಿಗೆ ಒತ್ತಿಕೊಂಡಿದ್ದಳು. ಚಿಕ್ಕಪ್ಪ ಹೇಳಿದರು: "ಕಣ ಅಗಲ ಮಾಡಕ್ಕೆ ಹುತ್ತ ಕೀಳಿಸಿದ್ವಲ್ಲ, ಅದೇ ದೋಷ. ಡಾಕ್ಟ್ರು ನೋಡ್ಲಿ, ಬೇಡ ಅನ್ನಲ್ಲ. ಆದ್ರೆ ಮೂಲ ಅಲ್ಲಿದೆ."

ನನಗೆ ಅಷ್ಟೇ ಸಾಕಾಯಿತು. ಎದ್ದು ನಿಂತೆ. ಸ್ಪರ್ಧೆಯಲ್ಲಿ ಮಾಡುವಂತೆ ಮಾತ್ರೆಯ ಡಬ್ಬಿಯನ್ನು ಕೈಯಲ್ಲಿ ಎತ್ತಿ ಹಿಡಿದೆ.

"ಮಾನ್ಯ ಅಧ್ಯಕ್ಷರೇ, ಆರೋಪಿ ಹುತ್ತದಲ್ಲಿಲ್ಲ, ಈ ಡಬ್ಬಿಯೊಳಗಿದೆ. ಈ ಮಾತ್ರೆ ಮೈಯ ಕಾವಲುಗಾರನ ಕೈಕಾಲು ಕಟ್ಟಿ ಹಾಕಿದೆ. ಅದಕ್ಕೇ ಕಳ್ಳ ನುಗ್ಗಿದ್ದು. ಒಂದೊಂದು ಮಾತ್ರೆ ನುಂಗಿದಾಗ್ಲೂ ಚಿಕ್ಕಮ್ಮನ ಕಣ್ಣಿನ ಒಂದೊಂದು ಚೂರು ಹೋಗ್ತಾ ಇದೆ. ಹುತ್ತ ಕಿತ್ತ ಮನೆ ಊರಲ್ಲಿ ಎಷ್ಟಿಲ್ಲ? ಅವರಿಗ್ಯಾಕೆ ಬರ್ಲಿಲ್ಲ? ಉತ್ತರ ಕೊಡಿ!"

ಚಿಕ್ಕಪ್ಪ ಎದ್ದು ಮಳಿಗೆಯ ಬಾಗಿಲು ಹಾಕಲು ಹೋದರು. ಚಿಕ್ಕಮ್ಮ ಬಟ್ಟೆಯನ್ನು ತೆಗೆಯದೆಯೇ ಕೇಳಿದಳು: "ಮಾತ್ರೆ ಇಲ್ದಿದ್ರೆ ಅಕ್ಕನ ಕಿಡ್ನಿ ಎಷ್ಟು ದಿನ ತಡ್ಕೊಳುತ್ತೆ?"

ನಾನು ಇನ್ನೂ ಗೆಲುವಿನ ಭರದಲ್ಲಿದ್ದೆ. "ಅದೇನು ಎರಡು ದಿನಕ್ಕೆ ಎದ್ದು ಓಡಿಹೋಗುತ್ತಾ?" ಎಂದೆ.

ಮಾತ್ರೆ ನಿಲ್ಲಿಸು ಎಂದು ನಾನು ಹೇಳಲಿಲ್ಲ. ಇದನ್ನು ಬಹಳ ಕಾಲ ನನ್ನ ಪರವಾದ ಅಂಶವೆಂದು ಇಟ್ಟುಕೊಂಡಿದ್ದೆ.

ಮಂಗಳವಾರ, ಬುಧವಾರ ಘಾಟಿ ತೆರೆಯಲಿಲ್ಲ. ಮಳೆ ಬಿಡಲಿಲ್ಲ. ಚಿಕ್ಕಮ್ಮನ ಬಲಗಣ್ಣು ಪೂರ್ತಿ ಮುಚ್ಚಿಹೋಯಿತು. ಮುಲಾಮು ಹಾಕಲು ನಾನು ರೆಪ್ಪೆ ಬಿಡಿಸಿದರೆ ನೋವಿಗೆ ನನ್ನ ಮಣಿಕಟ್ಟನ್ನು ಹಿಡಿದುಕೊಳ್ಳುತ್ತಿದ್ದಳು, ಕೂಗುತ್ತಿರಲಿಲ್ಲ. "ಏನಾದ್ರೂ ಕಾಣ್ತಾ?" ಎಂದರೆ "ಬೆಳಕು ಕಾಣುತ್ತೆ, ಸೋಸಿದ ಹಾಗೆ" ಎನ್ನುತ್ತಿದ್ದಳು. ಬೆಳಿಗ್ಗೆ ಎಂಟು, ಸಂಜೆ ಎಂಟಕ್ಕೆ ಮಾತ್ರೆಯ ಸ್ಟ್ರಿಪ್ಪು ಹರಿಯುವ ಸದ್ದು, ಚಿಕ್ಕಪ್ಪನ "ಆಯ್ತಲ್ಲ?", ಖಾಲಿ ಗುಳಿಗಳು. ಬುಧವಾರ ಸಂಜೆ ಅವಳಿಗೆ ಊಟ ಸೇರಲಿಲ್ಲ. ನೋವಿಗೆ ಹೀಗಾಗಿದೆ ಎಂದುಕೊಂಡೆವು.

ಗುರುವಾರ ಬೆಳಿಗ್ಗೆ ಚಿಕ್ಕಪ್ಪ ಕಾಯುವುದನ್ನು ಬಿಟ್ಟರು. ಜೀಪು ಮಾಡಿ ಸುತ್ತುದಾರಿ ಹಿಡಿದೆವು: ಬಾಳೆಹೊನ್ನೂರು, ಕಳಸ, ಸಂಸೆ, ಕುದುರೆಮುಖ, ಕಾರ್ಕಳ. ಮಾಗುಂಡಿ ದಾಟುವುದರೊಳಗೆ ಚಿಕ್ಕಮ್ಮ ಎರಡು ಸಲ ವಾಂತಿ ಮಾಡಿದಳು. ತಿರುವಿಗೆ ಎಂದರು ಚಿಕ್ಕಪ್ಪ. ಕಳಸದ ಹತ್ತಿರ ಮೂರನೆಯ ಸಲ, ಬರೀ ನೀರು. ಸಂಸೆಯಲ್ಲಿ ಅಮ್ಮ ಕೊಡೆ ಹಿಡಿದು ರಸ್ತೆಯಲ್ಲೇ ನಿಂತಿದ್ದಳು. ಹತ್ತಿ ಕೂತವಳು ತಂಗಿಯ ಮುಖ ನೋಡಿದಳು. ಸೆರಗಿನಿಂದ ಅವಳ ಕತ್ತು ಒರೆಸಿ, ತಲೆಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಕುದುರೆಮುಖದ ಇಳಿಜಾರಿನಲ್ಲಿ ಚಿಕ್ಕಮ್ಮನ ಕೈ ತಣ್ಣಗಾಗಿತ್ತು, ಕರೆದರೆ ತಡವಾಗಿ ಓಗೊಡುತ್ತಿದ್ದಳು. ಡ್ರೈವರು ಕನ್ನಡಿಯಲ್ಲಿ ನೋಡಿ ನೋಡಿ ಗಾಡಿಯನ್ನು ಇನ್ನೂ ಜೋರು ಬಿಟ್ಟ.

ಮಂಗಳೂರಿನ ಆಸ್ಪತ್ರೆಯಲ್ಲಿ ಸ್ಟ್ರೆಚರು, ಬಾಟಲಿ, ರಕ್ತ ಪರೀಕ್ಷೆ ಎಲ್ಲ ಒಟ್ಟೊಟ್ಟಿಗೆ ಆದವು. ಮಧ್ಯಾಹ್ನ ಮೂರರ ಸುಮಾರಿಗೆ ಕಿಡ್ನಿ ಡಾಕ್ಟರು ಬಂದು ಹಾಸಿಗೆಯ ಪಕ್ಕ ನಿಂತರು. ಅವರೇ ಮೂರು ವರ್ಷದ ಹಿಂದೆ ಅಕ್ಕ ತಂಗಿ ಇಬ್ಬರನ್ನೂ ನೋಡಿಕೊಂಡವರು.

"ಎಂತ ಆದದ್ದು ಸರೋಜಮ್ಮ? ಬಿ.ಪಿ. ಇಷ್ಟು ಕೆಳಗೆ ಉಂಟು. ಕಿಡ್ನಿಯ ರಿಪೋರ್ಟೂ ಸರಿ ಇಲ್ಲ. ಮಾತ್ರೆ ತಪ್ಪಿಸಿದ್ದು ಉಂಟಾ?"

"ಒಂದೂ ಇಲ್ಲ ಡಾಕ್ಟ್ರೇ."

ಚಿಕ್ಕಪ್ಪ ಸ್ಟ್ರಿಪ್ಪುಗಳನ್ನು ತೆಗೆದು ತೋರಿಸಿದರು. ಲೆಕ್ಕ ಸರಿಯಾಗಿಯೇ ಇತ್ತು.

ಡಾಕ್ಟರು ಅಮ್ಮನನ್ನೂ ಚಿಕ್ಕಪ್ಪನನ್ನೂ ಹೊರಗೆ ಕರೆದರು. ನಾನೂ ಹೋದೆ. "ಮಾತ್ರೆ ಎಲ್ಲ ಸರಿ ತಗೊಂಡೂ ಹೀಗೆ ಆಗ್ತದೆ ಅಂದ್ರೆ ವೈರಸ್ ಮೈಯೊಳಗೆ ಹರಡಿದೆ ಅಂತಲೇ ತಿಳೀಬೇಕಾಗ್ತದೆ. ಹಾಗಾದ್ರೆ ಕಿಡ್ನಿ ಕಾಯುವ ಮಾತ್ರೆಗಳನ್ನು ನಿಲ್ಲಿಸಿ ಮೊದಲು ಜೀವ, ಆಮೇಲೆ ಕಣ್ಣು ಅಂತ ನೋಡ್ಬೇಕು. ನಿಲ್ಲಿಸಿದ್ರೆ ಕಿಡ್ನಿ ಹೋಗ್ಲೂಬಹುದು. ಮಾತ್ರೆಯ ಮಟ್ಟ ರಕ್ತದಲ್ಲಿ ಎಷ್ಟು ಉಂಟು ಅಂತ ನೋಡುವ ಪರೀಕ್ಷೆ ಹೊರಗೆ ಕಳಿಸ್ಬೇಕು, ನಾಲ್ಕು ದಿನ ಬೇಕು. ಅಷ್ಟು ಕಾಯ್ಲಿಕ್ಕೆ ಆಗುದಿಲ್ಲ. ಇನ್ನೆರಡು ರಿಪೋರ್ಟ್ ಬರ್ಲಿ. ಐದು ಗಂಟೆಗೆ ತೀರ್ಮಾನ ಮಾಡುವ."

ಅಮ್ಮ "ನನ್ನ ಹತ್ರ ಇನ್ನು ಒಂದೇ ಇರೋದು ಡಾಕ್ಟ್ರೇ" ಎಂದಳು.

ಅವರು ಹೋದ ಮೇಲೆ ನನಗೆ ಸಿಟ್ಟು ಎಲ್ಲಿಂದ ಬಂತೋ. "ಎಲ್ಲ ಆ ಗಂಗಜ್ಜಿಯಿಂದ!" ಎಂದೆ ಅಮ್ಮನಿಗೆ. "ಇದ್ದ ಹೊತ್ತು ಸುಮ್ಮನೆ ಹಾಳಾಯ್ತು. ಪಥ್ಯ ಗಿಥ್ಯ ಅಂತ ಅದೇನು ತಲೆಗೆ ತುಂಬಿದಾಳೋ! ಓದು ಬರಹ ಇಲ್ಲದೋರ ಕೈಗೆ ಕಣ್ಣು ಕೊಟ್ರೆ ಇನ್ನೇನಾಗುತ್ತೆ?"

ಚಿಕ್ಕಪ್ಪ ಬೆಂಚಿನಿಂದ ತಲೆ ಎತ್ತಿದರು. "ಅಜ್ಜಿ ಮೈ ಮುಟ್ಲಿಲ್ಲ ಕಣಮ್ಮ. ಕಾವಿ ಅರೆದಿಟ್ಟಿದ್ಲು. ಮುಖ ತಿರುಗಿಸಿ ನೋಡಿದ್ಲು, ಮೂಗಿನ ತುದಿಗೆ ಬಂದಿದೆ, ಇದು ಕಣ್ಣಿಗೆ ಹೋಗೋದು, ನನ್ನ ಕೈಯಲ್ಲಿ ಆಗಲ್ಲ, ಈಗ್ಲೇ ದೊಡ್ಡ ಡಾಕ್ಟ್ರ ಹತ್ರ ಹೋಗಿ ಅಂದ್ಲು. ಅದಕ್ಕಲ್ವಾ ನಾವು ಓಡಿ ಬಂದಿದ್ದು?"

ಅಮ್ಮನಿಗೆ ಟವೆಲು ತಂದುಕೊಡುತ್ತೇನೆ ಎಂದು ನೆಪ ಮಾಡಿ ಎದ್ದು ಚಿಕ್ಕಮ್ಮನ ಹಾಸಿಗೆಯ ಬಳಿ ಹೋಗಿ ಅವಳ ಚೀಲ ಬಿಚ್ಚಿದೆ. ಸೀರೆಗಳ ನಡುವೆ, ಕಾಫಿ ಮಾದರಿ ಹಾಕಿಡುವ ಒಂದು ತಗಡಿನ ಡಬ್ಬಿ. ಆಸ್ಪತ್ರೆಗೆ ಮಾದರಿ ಡಬ್ಬಿ ಯಾಕೆ? ಮುಚ್ಚಳ ತೆಗೆದೆ. ಆ ಕ್ಯಾಪ್ಸೂಲಿನ ಘಾಟು ಮುಖಕ್ಕೆ ಹೊಡೆಯಿತು. ಒಳಗೆ ಮೂರೂ ಬಗೆಯ ಮಾತ್ರೆಗಳು, ಹಾಳೆಯಿಂದ ಬಿಡಿಸಿ, ಒಂದೊಂದು ಹೊತ್ತಿನದನ್ನು ಒಂದೊಂದು ಕಾಗದದಲ್ಲಿ ಅಚ್ಚುಕಟ್ಟಾಗಿ ಮಡಚಿದ್ದು. ಆರು ಪೊಟ್ಟಣ. ಸೋಮವಾರ ಸಂಜೆಯಿಂದ ಈ ಬೆಳಗಿನವರೆಗೆ.

ಚಿಕ್ಕಮ್ಮ ಎಡಗಣ್ಣಿನಿಂದ ನೋಡುತ್ತಿದ್ದಳು. "ಮುಚ್ಚು. ಅಕ್ಕ ಬರ್ತಾಳೆ."

"ಯಾಕೆ ಚಿಕ್ಕಮ್ಮ?"

"ನೀನೇ ಹೇಳಿದ್ಯಲ್ಲ, ಎರಡು ದಿನಕ್ಕೆ ಓಡಿಹೋಗಲ್ಲ ಅಂತ." ಅವಳ ನಾಲಿಗೆ ಒಣಗಿ ಮಾತು ತೊದಲುತ್ತಿತ್ತು. "ನಂಗೆ ಕಣ್ಣು ಬೇಕಿತ್ತು ಪುಟ್ಟಿ. ಕಣ್ಣು ಹೋದ್ಮೇಲೆ ಆ ತಟ್ಟೆ ಮುಂದೆ ಕೂತು ನಾನು ಎಂತ ಮಾಡ್ಲಿ?"

"ಡಾಕ್ಟ್ರಿಗೆ ಸುಳ್ಳು ಯಾಕೆ ಹೇಳಿದೆ?"

"ಯಾರು ಹೇಳಿಕೊಟ್ರು ಅಂತ ಕೇಳ್ತಾರಲ್ಲ. ಆಮೇಲೆ ನಿಮ್ಮಮ್ಮ ನಿನ್ನ ಮುಖ ನೋಡ್ತಾಳಾ? ಅವಳು ಮೈ ಕುಯ್ಸಿಕೊಂಡು ಕೊಟ್ಟಿದ್ದು."

ಗೋಡೆಯ ಗಡಿಯಾರದಲ್ಲಿ ನಾಲ್ಕೂ ಕಾಲು. ನಾಚಿಕೆಯ ಮಾತು, ಆದರೂ ಬರೆಯುತ್ತೇನೆ: ಆ ಹೊತ್ತಿನಲ್ಲೂ ನನ್ನ ತಲೆ ನನ್ನ ಪರವಾಗಿ ಅಂಶಗಳನ್ನು ಜೋಡಿಸುತ್ತಿತ್ತು. ನಾನು ನಿಲ್ಲಿಸು ಎಂದಿಲ್ಲ. ಡಾಕ್ಟರು ಸ್ಪಷ್ಟವಾಗಿ ಬೇಡ ಎಂದಿದ್ದರು. ಅವಳು ವಯಸ್ಕಳು. ಒಂದೊಂದೂ ನಿಜ. ತೀರ್ಪುಗಾರರಿದ್ದರೆ ಒಪ್ಪುತ್ತಿದ್ದರು. ಡಬ್ಬಿಯನ್ನು ಮತ್ತೆ ಸೀರೆಯ ನಡುವೆ ಇಟ್ಟರೆ ಯಾರಿಗೂ ತಿಳಿಯುವ ಹಾಗಿರಲಿಲ್ಲ. ಅವಳು ಬಾಯಿ ಬಿಡುವವಳಲ್ಲ.

ಡಬ್ಬಿ ಹಿಡಿದುಕೊಂಡೇ ಹೊರಗೆ ಬಂದೆ. ಅಮ್ಮ ಬೆಂಚಿನ ಮೇಲಿದ್ದಳು. ಕಿಡ್ನಿ ಡಾಕ್ಟರು ಪಕ್ಕದ ವಾರ್ಡಿನ ಬಾಗಿಲಲ್ಲಿದ್ದರು. ಅಮ್ಮ ಕೇಳುವಷ್ಟು ಹತ್ತಿರ ನಿಂತು ಹೇಳಿದೆ: "ಚಿಕ್ಕಮ್ಮ ಆರು ಹೊತ್ತು ಮಾತ್ರೆ ತಗೊಂಡಿಲ್ಲ ಸಾರ್. ಇಲ್ಲಿವೆ. ಮಾತ್ರೆಯಿಂದಲೇ ಕಣ್ಣು ಹೋಗ್ತಿದೆ, ಎರಡು ದಿನ ಬಿಟ್ರೆ ಕಿಡ್ನಿಗೆ ಏನೂ ಆಗಲ್ಲ ಅಂತ ನಾನು ಹೇಳಿದ್ದೆ."

ಅವರು ಬೈಯುವುದಕ್ಕೂ ನಿಲ್ಲಲಿಲ್ಲ. ಡಬ್ಬಿಯೊಳಗೆ ಒಮ್ಮೆ ನೋಡಿದವರೇ ವಾರ್ಡಿನೊಳಗೆ ಹೋಗಿ ನರ್ಸಿಗೆ ಇಂಜೆಕ್ಷನ್ನಿನ ಹೆಸರು ಹೇಳಿದರು. ಅದು ರಕ್ತನಾಳಕ್ಕೆ ಹೋಗುವುದನ್ನು ನಿಂತು ನೋಡಿದ ಮೇಲೆ ನಮ್ಮ ಕಡೆ ಬಂದರು.

"ಈ ಮೂರರಲ್ಲಿ ಒಂದು ಸ್ಟೀರಾಯ್ಡ್. ಮೂರು ವರ್ಷ ದಿನಾ ತಗೊಂಡದ್ದನ್ನು ಒಮ್ಮೆಲೇ ಬಿಟ್ರೆ ಮೈ ಹೀಗೇ ಕುಸೀತದೆ. ವಾಂತಿ, ಬಿ.ಪಿ. ಬೀಳುದು, ನೀರಿಲ್ಲದೆ ಕಿಡ್ನಿಗೂ ಪೆಟ್ಟು. ವೈರಸ್ ಹರಡಿದ್ದು ಅಲ್ಲ ಅಂತ ಈಗ ನನಗೆ ಅನ್ನಿಸ್ತದೆ. ಖಾತ್ರಿ ನನಗೂ ಇಲ್ಲ. ಎರಡು ದಿನ ನೋಡುವ."

ಅವರು ಮಾಡಿದ್ದನ್ನು ನಾನು ಬಾಯಿಪಾಠ ಮಾಡಿಕೊಂಡಿದ್ದೇನೆ. ಮೂರು ಮಾತ್ರೆಗಳಲ್ಲಿ ಎರಡನ್ನು ಮತ್ತೆ ಶುರು ಮಾಡಿದರು. ಒಂದನ್ನು, ಒಂದನ್ನು ಮಾತ್ರ, ವೈರಸ್ಸು ತಹಬಂದಿಗೆ ಬರುವವರೆಗೆ ನಿಲ್ಲಿಸಿದರು. ನನ್ನ ವಾದದಲ್ಲಿ ಮೂರನೇ ಒಂದು ಪಾಲು ಸರಿಯಿತ್ತು ಎಂದಾಯಿತು. ಯಾವ ಪಾಲು ಎಂದು ನನಗೆ ಗೊತ್ತಿರಲಿಲ್ಲ, ಅಷ್ಟೆ. ವೈರಸ್ಸಿನ ಔಷಧಿಯನ್ನು ಕಿಡ್ನಿ ತಾಳುವಷ್ಟು ಅಳೆದು, ಒಂದೊಂದು ಸಲಕ್ಕೂ ಗಂಟೆಗಟ್ಟಲೆ ನಿಧಾನವಾಗಿ, ಜೊತೆಗೆ ಬಾಟಲಿಗಟ್ಟಲೆ ನೀರು ಕೊಟ್ಟು ಇಳಿಸಿದರು. ಮೂತ್ರವನ್ನು ಜಾಡಿಯಲ್ಲಿ ಹಿಡಿದು ಗೆರೆ ನೋಡಿ ಬರೆಯುವ ಕೆಲಸ ನನ್ನದಾಯಿತು. ಆಸ್ಪತ್ರೆಯ ಕಣ್ಣಿನ ಡಾಕ್ಟರು ದಿನವೂ ಬಂದು ತಲೆಗೆ ದೀಪ ಕಟ್ಟಿಕೊಂಡು, ಕೈಯಲ್ಲೊಂದು ಭೂತಗನ್ನಡಿ ಹಿಡಿದು, ಕಣ್ಣಿನ ಹಿಂದಿನ ಪದರದಲ್ಲಿ ಬಿಳಿ ಕಲೆ ಮೂಡಿದೆಯೇ ಎಂದು ಹುಡುಕುತ್ತಿದ್ದರು. ಮೂಡಿದರೆ ಕಣ್ಣು ಕೆಲವೇ ದಿನದಲ್ಲಿ ಹೋಗಬಹುದಿತ್ತು. ದೀಪ ಆರಿಸಿ "ಇವತ್ತು ಇಲ್ಲ" ಎನ್ನುತ್ತಿದ್ದರು. ನಾಳೆಯ ಮಾತು ಆಡುತ್ತಿರಲಿಲ್ಲ.

ಅಮ್ಮ ನನ್ನ ಜೊತೆ ಮಾತಾಡಲಿಲ್ಲ. ಶನಿವಾರ ಬೆಳಿಗ್ಗೆ ಕಿಡ್ನಿಯ ರಿಪೋರ್ಟಿನಲ್ಲಿ ಏರಿದ್ದ ಅಂಕಿ ಮೊದಲ ಸಲ ಇಳಿದು, ಸುಧಾರಣೆ ಕಂಡಿತು. ಚಿಕ್ಕಪ್ಪ ಕಾರಿಡಾರಿನಲ್ಲೇ ಕಣ್ಣೊರೆಸಿಕೊಂಡರು. ಆಗ ಅಮ್ಮ ನನ್ನ ಕಡೆ ನೋಡದೆ ಹೇಳಿದಳು: "ನೀ ಗೆದ್ದು ತಂದ ಕಪ್ಪೆಲ್ಲ ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಇಟ್ಟೋಳು ನಾನೇ. ಅದಕ್ಕೆ ನಿಂಗೆ ಏನೂ ಅನ್ನಕ್ಕೆ ಬರ್ತಿಲ್ಲ." ಬೈದಿದ್ದರೆ ನಾನು ಎದುರು ಮಾತಾಡುತ್ತಿದ್ದೆನೋ ಏನೋ. ನಾನು ಜಾಡಿಯ ಗೆರೆ ನೋಡಿ ಬರೆಯಲು ಒಳಗೆ ಹೋದೆ.

ಬಿಳಿ ಕಲೆ ಮೂಡಲಿಲ್ಲ. ಎರಡು ವಾರದ ನಂತರ ಚಿಕ್ಕಮ್ಮನನ್ನು ಮನೆಗೆ ಕಳಿಸಿದರು. ಕಿಡ್ನಿ ಉಳಿಯಿತು. ಕಣ್ಣು ಉಳಿಯಿತು ಎಂದೂ ಹೇಳಬಹುದು, ಇಲ್ಲ ಎಂದೂ ಹೇಳಬಹುದು: ಮುಂಭಾಗದ ಪರದೆಯ ನಡುವೆ, ಕರಿಗುಡ್ಡೆಯ ನೇರಕ್ಕೆ, ಮಂಜಿನ ಚೂರಿನಂಥ ಕಲೆ ನಿಂತುಬಿಟ್ಟಿತು. ಬಲಗಣ್ಣಿಗೆ ಮನುಷ್ಯರು ಕಾಣುತ್ತಿದ್ದರು, ಮುಖ ಕಾಣುತ್ತಿರಲಿಲ್ಲ. ಚಿಕ್ಕಮಗಳೂರಿನ ಡಾಕ್ಟರನ್ನು ನಾನು ಕೇಳಿದೆ: ಮಾತ್ರೆ ಬಿಡದಿದ್ದರೆ, ಇನ್ನೂ ಬೇಗ ಡ್ರಿಪ್ಪು ಸಿಕ್ಕಿದ್ದರೆ ಈ ಕಲೆ ಆಗುತ್ತಿರಲಿಲ್ಲವೇ? "ಘಾಟಿ ಕುಸಿದದ್ದೂ ಇದೆ, ಇನ್ನೊಂದೂ ಇದೆ. ಯಾವುದರ ಪಾಲು ಎಷ್ಟು ಅಂತ ಯಾರೂ ಹೇಳಕ್ಕಾಗಲ್ಲ" ಎಂದರು. ಗುಡ್ಡ ಜರಿದದ್ದರ ಮೇಲೆ ಪೂರ್ತಿ ಹೊರಿಸಬಹುದಾಗಿತ್ತು, ನಾನು ಹೊರಿಸಲಿಲ್ಲ.

ಡಿಸೆಂಬರಿನಲ್ಲಿ ಕುಯ್ಲು ಮುಗಿಯುತ್ತಾ ಬಂದು ಮಳಿಗೆಗೆ ಹೊಸ ಕಾಫಿ ಬರಲು ಶುರುವಾಯಿತು. ಚಿಕ್ಕಮ್ಮ ಮೊದಲ ವಾರ ತಟ್ಟೆಯ ಹತ್ತಿರ ಹೋಗಲಿಲ್ಲ. ಎರಡನೆಯ ವಾರ ಒಬ್ಬ ಬೆಳೆಗಾರ ಒಂದು ಹಿಡಿ ತಂದು, ಪದ್ಧತಿಯಂತೆ ಅವಳ ಮುಂದೆಯೇ ಇಟ್ಟ. "ನೋಡಿ ಸರೋಜಮ್ಮ. ಈ ವರ್ಷದ್ದೇ, ಆಣೆ ಮಾಡಿ ಹೇಳ್ತೀನಿ." ಚಿಕ್ಕಪ್ಪ ತಕ್ಕಡಿಯ ಹತ್ತಿರ ನಿಂತು ಗೋಣಿಯ ಬಾಯಿ ಕಟ್ಟುತ್ತಾ ಇದ್ದರು, ಬಿಚ್ಚುತ್ತಾ ಇದ್ದರು.

ಚಿಕ್ಕಮ್ಮ ತಟ್ಟೆಯನ್ನು ಕಿಟಕಿಗೆ ಹಿಡಿದಳು. ಬಹಳ ಹೊತ್ತು ಬೀಜ ಸರಿಸಿದಳು. ಆಮೇಲೆ ನನ್ನನ್ನು ಕರೆದಳು.

"ನೀನು ನೋಡು. ಇದು ಹೊಸದಾ, ಹಳೇದು ಬೆರೆಸಿದ್ದಾ?"

ಬೆಳೆಗಾರನೂ ಚಿಕ್ಕಪ್ಪನೂ ನನ್ನ ಬಾಯಿಯನ್ನೇ ನೋಡಿದರು. ಕೆಲವು ಬೀಜ ಹಸಿರು, ಕೆಲವು ಸ್ವಲ್ಪ ಬಿಳಚು. ಬಿಳಚಿದವು ಹಳೆಯವಿರಬಹುದು; ಬಿಸಿಲು ಹೆಚ್ಚಾಗಿ ಹಾಗಾಗಿರಲೂಬಹುದು. ಎರಡು ಕಡೆಗೂ ಹೇಳಲು ನನ್ನಲ್ಲಿ ಬೇಕಾದಷ್ಟಿತ್ತು.

"ನಂಗೆ ಗೊತ್ತಿಲ್ಲ ಚಿಕ್ಕಮ್ಮ" ಎಂದೆ.

ಅವಳು ತಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡಳು. "ಇಷ್ಟನ್ನ ಅವತ್ತೇ ಹೇಳಿದ್ರೆ ನಿನ್ನ ನಾಲಿಗೆ ಸವೀತಿತ್ತಾ?"

ಆಮೇಲೆ ಕುರ್ಚಿಯನ್ನು ಒಂದಿಷ್ಟು ತಿರುಗಿಸಿ, ಎಡಗಣ್ಣು ಬೆಳಕಿಗೆ ಬರುವ ಹಾಗೆ ಕೂತು, ಇನ್ನೊಂದು ಸಲ ಮೊದಲಿನಿಂದ ಬೀಜ ಸರಿಸತೊಡಗಿದಳು. ನಾವೆಲ್ಲ ಕಾದೆವು.

"ಹಳೇದು ಬೆರೆತಿದೆ" ಎಂದಳು ಬೆಳೆಗಾರನಿಗೆ. "ಬೇರೆ ಚೀಲ ಇದ್ರೆ ತಗೊಂಡ್ಬಾ."

ಅವನು ತಲೆ ಕೆರೆದುಕೊಂಡು ಹೊರಗೆ ಹೋಗಿ, ಬೇರೆ ಚೀಲ ತಂದ.